ಕಾಲಕ್ಕೆ ಕ್ರಿಸ್ತನಾಮವನ್ನಿತ್ತ ಸನ್ಯಾಸಿ

ನಮ್ಮ ದೇವಾಲಯವು ಶತಮಾನೋತ್ಸವವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ವರ್ಷಗಳನ್ನು ಕ್ರಿಸ್ತಪ್ರಭುವಿನಿಂದ ಎಣಿಸಲು ಜಗತ್ತಿಗೆ ಕಲಿಸಿದ ಮಹನೀಯರೊಬ್ಬರನ್ನು ಸ್ಮರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ. ಅವರೇ ಆರನೆಯ ಶತಮಾನದ ಸನ್ಯಾಸಿ ದಿಯೊನೀಸಿಯುಸ್.

ಡ್ಯಾನ್ಯೂಬ್ ನದಿಯು ಕಪ್ಪು ಸಮುದ್ರವನ್ನು ಸೇರುವ ನಾಡಿನಲ್ಲಿ ಜನಿಸಿದ ಅವರು, ಸುಮಾರು 500ರಲ್ಲಿ ರೋಮ್ ನಗರಕ್ಕೆ ಬಂದು ನೆಲೆಸಿದರು. ಗ್ರೀಕ್ ಮತ್ತು ಲತೀನ್ ಭಾಷೆಗಳೆರಡರಲ್ಲಿಯೂ ಪಾರಂಗತರಾಗಿದ್ದ ಅವರು, ಧರ್ಮಸಭೆಯ ಮಹಾಸಭೆಗಳ ವಿಧಿಗಳನ್ನು ಲತೀನಿಗೆ ಅನುವಾದಿಸಿ ಕ್ರಮವಾಗಿ ಸಂಗ್ರಹಿಸಿದರು. ಇಷ್ಟು ವಿದ್ವತ್ತಿದ್ದರೂ ವಿನಯದಿಂದ ತಮ್ಮನ್ನು ‘ಎಕ್ಸಿಗುಸ್’, ಅಂದರೆ ಅಲ್ಪನು, ಎಂದು ಕರೆದುಕೊಂಡರು. ಅವರ ಸ್ನೇಹಿತರಾದ ಕಸ್ಸಿಯೊದೋರುಸ್ ಎಂಬ ಪಂಡಿತರು ಆ ಪಾಂಡಿತ್ಯವನ್ನೂ ಸರಳತೆಯನ್ನೂ ಮೆಚ್ಚಿ ಬರೆದಿದ್ದಾರೆ.

ಜಗದ್ಗುರು ಮೊದಲನೆಯ ಯೊವಾನ್ನರ ಕಾಲದಲ್ಲಿ, 525ರಲ್ಲಿ, ದಿಯೊನೀಸಿಯುಸರು ಪಾಸ್ಖ ಹಬ್ಬದ ದಿನಗಳನ್ನು ಗೊತ್ತುಪಡಿಸುವ ಹೊಸ ಪಟ್ಟಿಯನ್ನು ರಚಿಸಲು ಕುಳಿತರು. ಅಲೆಕ್ಸಾಂಡ್ರಿಯದಿಂದ ಬಂದಿದ್ದ ಹಳೆಯ ಪಟ್ಟಿಯಲ್ಲಿ ವರ್ಷಗಳನ್ನು ಚಕ್ರವರ್ತಿ ಡಯೊಕ್ಲೀಷಿಯನ್ ಪಟ್ಟಕ್ಕೆ ಬಂದ 284ರಿಂದ ಎಣಿಸುತ್ತಿದ್ದರು. 303ರಲ್ಲಿ ದೇವಾಲಯಗಳನ್ನು ಕೆಡವಿಸಿ, ಪವಿತ್ರ ಗ್ರಂಥಗಳನ್ನು ಸುಡಿಸಿದ ಅರಸ ಅವನೇ. ಪ್ರಭುವಿನ ಪುನರುತ್ಥಾನದ ಹಬ್ಬವನ್ನು ಹಿಂಸಕನ ಹೆಸರಿನಿಂದ ಗುರುತಿಸುವುದು ಸನ್ಯಾಸಿಗೆ ಒಪ್ಪಿಗೆಯಾಗಲಿಲ್ಲ. ಪ್ರಭುವಿನ ಮನುಷ್ಯಾವತಾರದಿಂದಲೇ ವರ್ಷಗಳನ್ನೆಣಿಸಿ, ಡಯೊಕ್ಲೀಷಿಯನನ 248ನೆಯ ವರ್ಷವಾಗಬೇಕಿದ್ದುದನ್ನು ಅವರು ಪ್ರಭುವಿನ 532ನೆಯ ವರ್ಷವೆಂದು ಬರೆದರು.

ಈ ಎಣಿಕೆಯಲ್ಲಿ ಸೊನ್ನೆಯ ವರ್ಷವಿಲ್ಲ. ಮೊದಲ ವರ್ಷವೇ 1. ಆದುದರಿಂದ ನೂರನೆಯ ವರ್ಷವು ಕಳೆದ ಮೇಲೆಯೇ ಶತಮಾನವು ತುಂಬುತ್ತದೆ. ಇಪ್ಪತ್ತನೆಯ ಶತಮಾನವು 1901ರ ಜನವರಿ 1ರಂದು, ಇಪ್ಪತ್ತೊಂದನೆಯದು 2001ರ ಜನವರಿ 1ರಂದು ಆರಂಭವಾದವು. ಲೋಕವು 2000ದ ಮೊದಲ ದಿನವೇ ಸಂಭ್ರಮಿಸಿತು. ಧರ್ಮಸಭೆಯಾದರೋ ಆ ವರ್ಷವನ್ನು ಜುಬಿಲಿ ವರ್ಷವಾಗಿ ಪ್ರಾರ್ಥನೆಯಲ್ಲಿ ಕಳೆಯಿತು. 1999ರ ಡಿಸೆಂಬರ್ 24ರಂದು ಪವಿತ್ರ ದ್ವಾರವನ್ನು ತೆರೆದ ಜಗದ್ಗುರು ಎರಡನೆಯ ಜಾನ್ ಪಾಲರು, ಹೊಸ ಶತಮಾನವು ಕಾಲಿಟ್ಟ ಮೇಲೆ, 2001ರ ಜನವರಿ 6ರಂದು ಅದನ್ನು ಮುಚ್ಚಿದರು.

ದಿಯೊನೀಸಿಯುಸರ ಗಣನೆಯು ಪೂರ್ಣ ನಿರ್ದೋಷವಾಗಿರಲಿಲ್ಲ. ಪ್ರಭುವು ಜನಿಸಿದಾಗ ಆಳುತ್ತಿದ್ದ ಹೆರೋದನು ಕ್ರಿಸ್ತಪೂರ್ವ 4ರಲ್ಲಿ ಮಡಿದನೆಂದು ಬಹುಮಂದಿ ವಿದ್ವಾಂಸರು ಹೇಳುವುದರಿಂದ, ಪ್ರಭುವಿನ ಜನನವು ಕೆಲವು ವರ್ಷ ಮೊದಲೇ ಆಗಿರಬೇಕು. ಆದರೂ ದೇವರು ಆ ವಿನೀತ ಸೇವೆಯನ್ನು ತಳ್ಳಿಹಾಕಲಿಲ್ಲ. ಆರನೆಯ ಶತಮಾನದ ಮಧ್ಯಭಾಗದಲ್ಲಿ ಅವರು ತೀರಿಕೊಂಡರು. ಮುಂದೆ ಇಂಗ್ಲೆಂಡಿನ ಸಂತ ಬೀಡರು 731ರಲ್ಲಿ ಮುಗಿಸಿದ ತಮ್ಮ ಚರಿತ್ರೆಯಲ್ಲಿ ಇದೇ ಎಣಿಕೆಯನ್ನು ಬಳಸಿದರು. ಕ್ರಮೇಣ ಅದು ಲೋಕವನ್ನೆಲ್ಲ ವ್ಯಾಪಿಸಿತು.

ನಮ್ಮ ಧರ್ಮಕೇಂದ್ರದ ಜ್ಞಾನಸ್ನಾನದ, ವಿವಾಹದ, ಮರಣದ ದಾಖಲೆ ಪುಸ್ತಕಗಳ ಪ್ರತಿಯೊಂದು ಸಾಲಿನಲ್ಲಿಯೂ ಆ ಸನ್ಯಾಸಿಯ ಎಣಿಕೆಯಿದೆ. ನಮ್ಮ ಹಿರಿಯರು ಹುಟ್ಟಿದ್ದೂ ಗತಿಸಿದ್ದೂ ಯಾವ ಅರಸನ ವರ್ಷದಲ್ಲಿಯೂ ಅಲ್ಲ, ಪ್ರಭುವಿನ ವರ್ಷದಲ್ಲಿ. ತುಂಬಿದ ನೂರು ವರ್ಷಗಳನ್ನೂ ಬರಲಿರುವ ವರ್ಷಗಳನ್ನೂ ಅದೇ ಪ್ರಭುವಿನ ಪಾದಗಳಿಗೆ ಅರ್ಪಿಸೋಣ.