ಮಣ್ಣನ್ನು ಲೆಕ್ಕಕ್ಕೆ ತಂದ ಮೇಷ್ಟ್ರು: ಕಾರ್ಲ್ ಟೆರ್ಜಾಗಿ

ಅಕ್ಕಿಪೇಟೆಯಲ್ಲಿ ಹಳೆಯ ಕಟ್ಟಡಗಳು ಗೋಡೆಗೆ ಗೋಡೆ ತಾಗಿಕೊಂಡು ನಿಂತಿವೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ ಮೆಜೆಸ್ಟಿಕ್ ಮತ್ತು ಚಿಕ್ಕಪೇಟೆಯ ನೆಲದಡಿಯ ಮೆಟ್ರೋ ನಿಲ್ದಾಣಗಳಿವೆ. ಇಂಥ ಕಡೆ ಆಳವಾಗಿ ಅಗೆದರೆ ಪಕ್ಕದ ನೆಲ ಎಷ್ಟು ಕುಗ್ಗೀತು? ಈ ಲೆಕ್ಕಕ್ಕೆ ತಳಹದಿ ಹಾಕಿದವರು ಕಾರ್ಲ್ ಟೆರ್ಜಾಗಿ.

ಅವರು ಹುಟ್ಟಿದ್ದು 1883ರಲ್ಲಿ, ಪ್ರಾಗ್ ನಗರದಲ್ಲಿ. ಗ್ರಾಜ್‌ನಲ್ಲಿ ಯಂತ್ರಶಾಸ್ತ್ರ ಓದಿದರು. ಕಟ್ಟಡದ ಕೆಲಸಗಳಿಗೆ ಹೋದಾಗ, ಉಕ್ಕಿಗೆ ಇರುವಂಥ ಲೆಕ್ಕ ಮಣ್ಣಿಗೆ ಇಲ್ಲದಿರುವುದು ಅವರನ್ನು ಕಾಡಿತು. 1916ರಲ್ಲಿ ಇಸ್ತಾಂಬುಲ್‌ಗೆ ಅಧ್ಯಾಪಕರಾಗಿ ಹೋದರು. ಮಹಾಯುದ್ಧದ ನಂತರ ಅಲ್ಲಿನ ರಾಬರ್ಟ್ ಕಾಲೇಜಿನಲ್ಲಿ ಪಾಠ ಹೇಳುತ್ತಾ, ಸಿಗಾರ್ ಪೆಟ್ಟಿಗೆಯಂಥ ಬೇಡವಾದ ವಸ್ತುಗಳಿಂದಲೇ ಉಪಕರಣ ಮಾಡಿಕೊಂಡು ಜೇಡಿಮಣ್ಣನ್ನು ಒತ್ತಿ ಅಳೆದರು.

ಅವರು ಕಂಡುಕೊಂಡದ್ದು ಸರಳ. ಒದ್ದೆ ಮಣ್ಣಿನ ಮೇಲಿನ ಭಾರವನ್ನು ಕಣಗಳೂ ಅವುಗಳ ನಡುವಿನ ನೀರೂ ಹಂಚಿಕೊಳ್ಳುತ್ತವೆ. ಮಣ್ಣಿನ ಬಲವನ್ನೂ ಕುಗ್ಗುವಿಕೆಯನ್ನೂ ನಿರ್ಧರಿಸುವುದು ಕಣಗಳ ಪಾಲು ಮಾತ್ರ. ಗುಂಡಿಯ ನೀರನ್ನು ಪಂಪಿನಿಂದ ತೆಗೆದಾಗ ಸುತ್ತಲಿನ ಮಣ್ಣಿನಲ್ಲಿ ನೀರಿನ ಒತ್ತಡ ಇಳಿಯುತ್ತದೆ, ಕಣಗಳ ಪಾಲು ಏರುತ್ತದೆ, ನೆಲ ಕುಗ್ಗುತ್ತದೆ. ಬಿರುಕು ಬೀಳುವುದು ಪಕ್ಕದ ಮನೆಯ ಗೋಡೆಗೆ.

1925ರಲ್ಲಿ ವಿಯೆನ್ನಾದಲ್ಲಿ ಅವರ ಗ್ರಂಥ ಪ್ರಕಟವಾಯಿತು. ಮುಂದೆ ಅಮೆರಿಕಕ್ಕೆ ಹೋಗಿ ಹಾರ್ವರ್ಡ್‌ನಲ್ಲಿಯೂ ಕಲಿಸಿದರು. 1939ರ ಸುಮಾರಿಗೆ ಷಿಕಾಗೋದ ಮೆತ್ತನೆಯ ಜೇಡಿಮಣ್ಣಿನಲ್ಲಿ ಸುರಂಗ ರೈಲಿನ ಕೆಲಸ ನಡೆಯುತ್ತಿತ್ತು. ಅಲ್ಲಿ ಅವರೂ ಕಿರಿಯ ಸಹೋದ್ಯೋಗಿ ರಾಲ್ಫ್ ಪೆಕ್ಕರೂ ಗುಂಡಿಯ ಗೋಡೆಗೆ ಕೊಟ್ಟ ಅಡ್ಡ ಆಸರೆಗಳ ಮೇಲಿನ ಭಾರವನ್ನು ಅಳೆಸಿದರು. ಹಳೆಯ ಸೂತ್ರ ಹೇಳಿದಂತೆ ಭಾರ ಹಂಚಿಕೆಯಾಗಿರಲಿಲ್ಲ. ಅವರು ಸೂತ್ರವನ್ನು ಬದಿಗಿಟ್ಟು ಅಳತೆಯನ್ನು ನಂಬಿದರು. 1963ರಲ್ಲಿ ತೀರಿಕೊಂಡರು.

ಇಂದು ಕಂಪ್ಯೂಟರಿನಲ್ಲಿ ನೆಲವನ್ನು ಸಾವಿರಾರು ಸಣ್ಣ ಭಾಗಗಳಾಗಿ ವಿಂಗಡಿಸಿ, ಅಗೆತದ ಒಂದೊಂದೇ ಹಂತವನ್ನು ತೆಗೆದು ನೋಡುತ್ತಾ ಕುಸಿತವನ್ನು ಲೆಕ್ಕ ಹಾಕುತ್ತಾರೆ. ಅದರೊಳಗೆ ಇರುವುದು ಟೆರ್ಜಾಗಿಯವರ ತತ್ವವೇ. ಆದರೆ ಬೆಂಗಳೂರಿನ ನೆಲದಲ್ಲಿ ಮಣ್ಣು, ಶಿಥಿಲಗೊಂಡ ಬಂಡೆ, ಗಟ್ಟಿ ಕಲ್ಲು ಬೆರೆತಿವೆ. ಮಾದರಿಗೆ ಕೊಟ್ಟ ಗುಣಾಂಕ ತಪ್ಪಿದರೆ ಉತ್ತರವೂ ತಪ್ಪುತ್ತದೆ. ಅದಕ್ಕೇ ಕೆಲಸ ನಡೆಯುವಾಗ ಉಪಕರಣಗಳಿಂದ ಅಳೆದು ಮಾದರಿಯನ್ನು ತಿದ್ದುತ್ತಾ ಹೋಗಬೇಕು.

ಒಂಬತ್ತನೇ ತರಗತಿಯ ನೂಕುಬಲ ಮತ್ತು ಒತ್ತಡದ ಪಾಠಕ್ಕೆ ಈ ಜೀವನ ಚೆನ್ನಾಗಿ ಹೊಂದುತ್ತದೆ. ತಟ್ಟೆಯಲ್ಲಿ ನೀರು ತುಂಬಿದ ಸ್ಪಂಜು ಇಟ್ಟು, ಮೇಲೊಂದು ಪುಸ್ತಕ ಹೇರಿದರೆ ಸಾಕು. ಎಷ್ಟು ಕುಗ್ಗುತ್ತದೆಂದು ಮಕ್ಕಳು ಮೊದಲು ಊಹಿಸಿ ಬರೆಯಲಿ, ಆಮೇಲೆ ಸ್ಕೇಲಿನಿಂದ ಅಳೆಯಲಿ. ಊಹೆಗೂ ಅಳತೆಗೂ ಇರುವ ವ್ಯತ್ಯಾಸದಿಂದ ಪಾಠ ಆರಂಭಿಸಬಹುದು.