ಲೆಕ್ಕವಿಡದ ಆಯೇರಿ

ಕೆಲವು ವರ್ಷಗಳ ಹಿಂದೆ ಶಿಗ್ಗಾವಿಯ ಗೆಳೆಯನೊಬ್ಬನ ಗೃಹಪ್ರವೇಶಕ್ಕೆ ನಾನೇ ಬರೆದ ಚಿತ್ರವೊಂದನ್ನು ಒಯ್ದಿದ್ದೆ. ಮುಂದೆ ಆ ಮನೆಗೆ ಹೋದಾಗಲೆಲ್ಲ ಕಣ್ಣು ಗೋಡೆಯನ್ನು ಹುಡುಕುತ್ತಿತ್ತು. ಚಿತ್ರ ಅಲ್ಲಿರಲಿಲ್ಲ. ಕೇಳಲು ಸಂಕೋಚ, ಮರೆಯಲು ಮನಸ್ಸಿಲ್ಲ. ಮದುವೆಮನೆಯ ಆಯೇರಿಯನ್ನು ವಹಿಯಲ್ಲಿ ಬರೆದಿಟ್ಟು, ಕಾಲ ಬಂದಾಗ ಮುಯ್ಯಿ ತೀರಿಸುವ ನಾಡಿನವನು ನಾನು. ಕೊಟ್ಟದ್ದನ್ನು ನೆನಪಿಡುವುದು ರಕ್ತಗತವಾಗಿರಬೇಕು.

ಅದೇ ತಾಲ್ಲೂಕಿನ ಶಿಶುನಾಳದಲ್ಲಿ ಲೆಕ್ಕವಿಡದೆ ಕೊಟ್ಟವರೊಬ್ಬರಿದ್ದರು. 1819ರಲ್ಲಿ ಇಮಾಂ ಸಾಹೇಬರ ಮಗನಾಗಿ ಜನಿಸಿದ ಶರೀಫರು ಕೆಲಕಾಲ ಶಾಲಾ ಮಾಸ್ತರರಾಗಿದ್ದರು. ಆ ನೌಕರಿ ಅವರನ್ನು ಬಹುಕಾಲ ಹಿಡಿದಿಡಲಿಲ್ಲ. ಕಳಸದ ಗೋವಿಂದಭಟ್ಟರು ಅವರಿಗೆ ಗುರುವಾದರು. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ. ಈ ನಂಟನ್ನು ಎರಡೂ ಕಡೆಯ ಸಂಪ್ರದಾಯಸ್ಥರು ಸಹಿಸಲಿಲ್ಲವೆಂಬುದು ಜನಜನಿತ. ಪತ್ನಿ ಫಾತಿಮಾ ಬೇಗನೆ ತೀರಿಕೊಂಡರು. ಬಡತನ ಬಿಡಲಿಲ್ಲ. ಕೊಡಲು ಅವರ ಬಳಿ ಉಳಿದದ್ದು ಹಾಡೊಂದೇ.

ಅದನ್ನು ಅವರು ಧಾರಾಳವಾಗಿ ಕೊಟ್ಟರು. ಸೋರುವ ಮಾಳಿಗೆ, ಮೀಟುವ ತಂಬೂರಿ, ಹೊಸದಾಗಿ ಬಂದ ಗಿರಣಿ ಹೀಗೆ ಕಣ್ಣಿಗೆ ಬಿದ್ದುದೆಲ್ಲ ತತ್ವಪದವಾಯಿತು. ಮೊಹರಂ ಹಬ್ಬಕ್ಕೆ ಅಲಾವಿ ಪದಗಳನ್ನು ಕಟ್ಟಿದರು. ಸುತ್ತಲಿನ ಊರುಗಳ ದೇವರನ್ನೂ ಹಾಡಿದರು. ಪದದ ಕೊನೆಗೆ ಬರುವ ಅಂಕಿತ ಸಹ ತಮ್ಮ ಹೆಸರಲ್ಲ, ಶಿಶುನಾಳಾಧೀಶನದು. ಹಾಡು ಬಾಯಿಂದ ಬಾಯಿಗೆ ಸಾಗುತ್ತ ಪಾಠ ಬದಲಾಯಿತು, ಧಾಟಿ ಬದಲಾಯಿತು. ನನ್ನ ಚಿತ್ರ ಗೋಡೆಯ ಮೇಲಿಲ್ಲವೆಂದು ನಾನು ನೊಂದೆ. ಅವರ ಪದಗಳನ್ನು ಜನ ತಮಗೆ ಬೇಕಾದಂತೆ ತಿದ್ದಿಕೊಂಡು ಹಾಡಿದರು. ಅವು ಬದುಕಿದ್ದೇ ಹಾಗೆ.

1889ರಲ್ಲಿ ಶರೀಫರು ತೀರಿಕೊಂಡಾಗ ಹಿಂದೂ, ಮುಸಲ್ಮಾನ ಎರಡೂ ವಿಧಿಗಳು ನಡೆದವೆನ್ನುತ್ತಾರೆ. ಅವರ ಗದ್ದುಗೆಗೆ ಇಂದಿಗೂ ಎರಡೂ ಸಮುದಾಯದವರು ನಡೆದುಕೊಳ್ಳುತ್ತಾರೆ. ಮುಂದಿನ ಶತಮಾನದಲ್ಲಿ ಸಿ. ಅಶ್ವತ್ಥ್ ಅವರ ಕಂಠ ಆ ಪದಗಳನ್ನು ನಾಡಿನಾದ್ಯಂತ ಹರಡಿತು. 1990ರಲ್ಲಿ ನಾಗಾಭರಣರ ಚಲನಚಿತ್ರ ಬಂದಿತು. ಅದಕ್ಕೂ ಬಹಳ ಮೊದಲೇ ಹಾನಗಲ್ಲ, ಸವಣೂರು, ಹಿರೇಕೆರೂರು ಸೀಮೆಯ ಭಜನೆಯ ಮೇಳಗಳು ಯಾರ ಅಪ್ಪಣೆಯನ್ನೂ ಕಾಯದೆ ಅವನ್ನು ತಮ್ಮದಾಗಿಸಿಕೊಂಡಿದ್ದವು.

ಕಲಾವಿದನ ದುಡಿಮೆಗೆ ಬೆಲೆ ಬೇಡವೆಂದು ಇದರರ್ಥವಲ್ಲ. ಹಾಡಿ ಹೊಟ್ಟೆ ಹೊರೆಯುವವರಿಗೆ ಸಂಭಾವನೆ ತಪ್ಪಿಸಿ ಶರೀಫರ ಹೆಸರು ಹೇಳುವುದು ಅನ್ಯಾಯ. ಕೂಲಿಗೆ ಲೆಕ್ಕ ಬೇಕು, ಕೊಡುಗೆಗೆ ಬೇಡ. ಎರಡನ್ನೂ ಒಂದೇ ವಹಿಯಲ್ಲಿ ಬರೆದುಕೊಂಡದ್ದೇ ನನ್ನ ತಪ್ಪು.

ಮೊನ್ನೆ ಮತ್ತೆ ಆ ಗೆಳೆಯನ ಮನೆಗೆ ಹೋಗಿದ್ದೆ. ಚಹಾ ಕುಡಿದು, ಮಳೆ ಬೆಳೆಯ ಮಾತಾಡಿ ಮರಳಿದೆ. ಗೋಡೆಯನ್ನು ನೋಡಲಿಲ್ಲವೆಂದರೆ ಸುಳ್ಳಾದೀತು. ನೋಡಿದೆ, ಆದರೆ ಈ ಸಲ ಮನಸ್ಸು ಕಹಿಯಾಗಲಿಲ್ಲ.