ಅಂಕೆಗಳ ಹಾರ ಪೋಣಿಸಿದ ಶ್ರೀ ಮಹಾವೀರಾಚಾರ್ಯರು

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲವು (ಕ್ರಿ.ಶ. 814-878) ಜೈನ ವಾಙ್ಮಯದ ಸುವರ್ಣಯುಗವೆಂಬುದು ಸುವಿದಿತ. ಆದಿಪುರಾಣದ ಕರ್ತೃಗಳಾದ ಶ್ರೀ ಜಿನಸೇನಾಚಾರ್ಯರನ್ನೂ ವೈಯಾಕರಣ ಶಾಕಟಾಯನರನ್ನೂ ನಾವು ಭಕ್ತಿಯಿಂದ ಸ್ಮರಿಸುತ್ತೇವೆ. ಅದೇ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಶ್ರೀ ಮಹಾವೀರಾಚಾರ್ಯರ ನಾಮವು ಮಾತ್ರ ನಮ್ಮ ಉತ್ಸವಗಳಲ್ಲಿ ಅಪರೂಪವಾಗಿ ಕೇಳಿಬರುತ್ತದೆ.

ಆಚಾರ್ಯರು ತಮ್ಮ ಊರನ್ನಾಗಲಿ ತಂದೆತಾಯಿಗಳನ್ನಾಗಲಿ ಗ್ರಂಥದಲ್ಲಿ ಹೆಸರಿಸಿಲ್ಲ. ವರ್ಧಮಾನ ಜಿನೇಂದ್ರನಿಗೆ ವಂದಿಸಿ, ಅಮೋಘವರ್ಷನನ್ನು ಪ್ರಶಂಸಿಸಿ, ಬಳಿಕ ಗಣಿತದ ಮಹಿಮೆಗೆ ತೊಡಗುತ್ತಾರೆ. ವ್ಯಾಪಾರ, ಸಂಗೀತ, ನಾಟ್ಯ, ವೈದ್ಯ, ವಾಸ್ತು, ಅಷ್ಟೇ ಏಕೆ, ಪಾಕಶಾಸ್ತ್ರಕ್ಕೂ ಗಣಿತವೇ ಆಧಾರವೆಂಬುದು ಅವರ ಮತ. ಅಡುಗೆಮನೆಯನ್ನೂ ಮರೆಯದ ಈ ವಿದ್ವಾಂಸರ ಚರಿತ್ರೆಯನ್ನು ಅವರ ಲೆಕ್ಕಗಳಲ್ಲಿಯೇ ಓದಬೇಕಾಗಿದೆ.

ಆ ಗ್ರಂಥದಲ್ಲಿ ಬರುವ ಒಂದು ಸಂಖ್ಯೆ 12345654321. ಒಂದರಿಂದ ಮೊದಲಾಗಿ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆಯೆಂದು ಆಚಾರ್ಯರು ಅದನ್ನು ಬಣ್ಣಿಸುತ್ತಾರೆ. ಸ್ಥಾನಬೆಲೆಯ ಪದ್ಧತಿ ಮನಸ್ಸಿನಲ್ಲಿ ನೆಲೆಯೂರಿದವರಿಗಲ್ಲದೆ ಇಂತಹ ವರ್ಣನೆ ಹೊಳೆಯದು. ಎಡದಿಂದ ಓದಿದರೂ ಬಲದಿಂದ ಓದಿದರೂ ಅದು ಒಂದೇ. 27994681ನ್ನು 441ರಿಂದ ಗುಣಿಸಿದರೆ ದೊರೆಯುವುದು ಇದೇ ಸಂಖ್ಯೆ. ಕಾರಣವೂ ಸುಂದರವಾಗಿದೆ: 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ, 21ನ್ನೂ 5291ನ್ನೂ ಗುಣಿಸಿದರೆ ಆರು ಒಂದುಗಳ ಸಾಲಾದ 111111 ಬರುತ್ತದೆ. ಆದ್ದರಿಂದ ನಮ್ಮ ಸಂಖ್ಯೆ 111111ರ ವರ್ಗ. ಅದರ ಅಂಕೆಗಳನ್ನೆಲ್ಲ ಕೂಡಿದರೆ 36, ಅಂದರೆ ನಡುಮಣಿಯಾದ ಆರರ ವರ್ಗ! ಯಲಹಂಕ, ಹೆಬ್ಬಾಳಗಳ ನಮ್ಮ ಮನೆಗಳ ಮಕ್ಕಳು ಇದನ್ನು ಕಾಗದದ ಮೇಲೆ ಮಾಡಿ ನೋಡಲಿ. ಎಂಟೇ ಅಂಕೆಗಳನ್ನು ತೋರಿಸುವ ಗಣಕಯಂತ್ರಕ್ಕೆ ಈ ಹಾರ ಹಿಡಿಸದು.

ಹಾರವೆಂಬುದು ನಮ್ಮ ಅಲಂಕಾರದ ಮಾತಲ್ಲ. ಇಂತಹ ಗುಣಲಬ್ಧಗಳನ್ನು ಆಚಾರ್ಯರೇ ಕಂಠಾಭರಣಗಳೆಂದು ಕರೆದಿದ್ದಾರೆ. 152207ನ್ನು 73ರಿಂದ ಗುಣಿಸಿದರೆ 11111111. 14287143ನ್ನು 7ರಿಂದ ಗುಣಿಸಿದರೆ 100010001. ಮುತ್ತುಗಳ ನಡುವೆ ಸೊನ್ನೆಗಳ ದಾರ ಕಾಣುವಂತಿದೆ. ರಾಜನ ಕೊರಳಿಗೆ ಒಪ್ಪುವ ಆಭರಣವನ್ನು ಗುಣಾಕಾರದಿಂದ ಮಾಡಬಲ್ಲ ಅಕ್ಕಸಾಲಿಗನು ಆಸ್ಥಾನಗಳಲ್ಲಿ ಎಷ್ಟು ಮಂದಿ ಇದ್ದಾರು?

ಭಕ್ತಿಯಿಂದ ಬರೆಯುವಾಗಲೂ ಸತ್ಯವನ್ನು ಮರೆಮಾಡಲಾಗದು. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆಂದು ಆಚಾರ್ಯರು ಹೇಳಿದ್ದು ಸರಿಯಲ್ಲ. ಆದರೆ ಋಣಸಂಖ್ಯೆಯು ಯಾವುದರ ವರ್ಗವೂ ಅಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಅವರು ಸ್ಪಷ್ಟವಾಗಿ ನುಡಿದರು. ಊಹಾಸಂಖ್ಯೆಗಳ ಕಲ್ಪನೆ ಯೂರೋಪಿನಲ್ಲಿ ಮೂಡಿದ್ದು 16ನೆಯ ಶತಮಾನದಲ್ಲಿ. ಅದಕ್ಕೆ ಏಳುನೂರು ವರ್ಷಗಳ ಹಿಂದೆಯೇ ತೊಡಕು ಎಲ್ಲಿದೆಯೆಂದು ಇವರು ಗುರುತಿಸಿದ್ದರು. ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟ ಕೀರ್ತಿಯೂ ಅವರದು.

ಗ್ರಂಥವು ದಕ್ಷಿಣದಲ್ಲಿ ಬಹುಕಾಲ ಬಾಳಿತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದ ಮೇಲೆ ಹೊರನಾಡಿನ ಗಣಿತಜ್ಞರ ಕಣ್ಣು ಇತ್ತ ತಿರುಗಿತು. ಕನ್ನಡದ ನೆಲದಲ್ಲಿ ಹುಟ್ಟಿದ ಈ ಕೃತಿಯು ಪದ್ಮಾವತಮ್ಮನವರ ಕನ್ನಡ ಅನುವಾದದೊಡನೆ ಹೊಂಬುಜದಿಂದ ಹೊರಬಂದುದು 2000ದಲ್ಲಿ.